ಅಕ್ಕಿಯ ಬಿಳುಪು, ಅದಿರಿನ ಕೆಂಪು

ಗಾದಿಗನೂರನ್ನು ನಡುವಿಗಿಟ್ಟು ನೋಡಿದರೆ ಉತ್ತರಕ್ಕೆ ಕಂಪ್ಲಿಯ ಭತ್ತದ ಗದ್ದೆಗಳೂ ಅಕ್ಕಿ ಗಿರಣಿಗಳೂ, ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳೂ, ಪೂರ್ವಕ್ಕೆ ತೋರಣಗಲ್ಲಿನ ಉಕ್ಕಿನ ಕುಲುಮೆಗಳೂ, ವಾಯವ್ಯಕ್ಕೆ ಹಂಪಿಯ ಬಂಡೆಗಳೂ ಬರುತ್ತವೆ. ಇಷ್ಟೇ ವಿಸ್ತಾರದಲ್ಲಿ ಬಿಳಿಯ ಕಾಳನ್ನು ಆರಿಸುವ ಉದ್ಯಮವೂ ಕೆಂಪು ಕಲ್ಲನ್ನು ಆರಿಸುವ ಉದ್ಯಮವೂ ನೆಲೆಯೂರಿದ್ದು, ಎರಡರಲ್ಲೂ ಆರಿಸುವ ಕಣ್ಣಿನ ಜಾಗಕ್ಕೆ ಕೈಗಾರಿಕಾ ಕ್ಯಾಮೆರಾ ಬಂದದ್ದನ್ನು ಈ ಶತಮಾನದ ಮೊದಲ ಎರಡು ದಶಕಗಳು ಕಂಡಿವೆ. ಆ ವರ್ಷಗಳಲ್ಲಿ ಎರಡೂ ಕಡೆ ಓಡಾಡಿ ಕ್ಯಾಮೆರಾಗಳನ್ನು ಹೊಂದಿಸಿದ ತಂತ್ರಜ್ಞರಲ್ಲಿ ಪ್ರಸ್ತುತ ಲೇಖಕನೂ ಒಬ್ಬ. ಆ ಕೆಲಸದಲ್ಲಿ ಏನನ್ನು ಹೊಂದಿಸಲಾಗುತ್ತಿತ್ತು, ಏಕೆ ಹಾಗೆ ಹೊಂದಿಸಬೇಕಾಯಿತು ಎಂಬುದು ಯಂತ್ರದ ಕೈಪಿಡಿಗಳಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಅದನ್ನು ಮಾಡಿದವರ ನೆನಪಿನಲ್ಲಿ ಉಳಿದಿರುವುದರಿಂದ ಅದನ್ನು ಬರೆದಿಡುವುದು ಅಗತ್ಯವೆನಿಸುತ್ತದೆ.

ಕ್ಯಾಮೆರಾದ ಒಳಗೆ ಹಿಂದೆ ಫಿಲ್ಮ್ ಇರುತ್ತಿದ್ದ ಸ್ಥಳದಲ್ಲಿ ಈಗ ಕೂತಿರುವ ಸಿಲಿಕಾನ್ ಬಿಲ್ಲೆಗೆ ಚಿತ್ರಸಂವೇದಕ, ಅಂದರೆ ಇಮೇಜ್ ಸೆನ್ಸರ್ ಎಂದು ಹೆಸರು. ಅದರ ಮೇಲೆ ಸಾಲುಸಾಲಾಗಿ ಇರುವ ಸೂಕ್ಷ್ಮ ಕೋಶಗಳಿಗೆ, ಎಂದರೆ ಪಿಕ್ಸೆಲ್‌ಗಳಿಗೆ, ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಅಲ್ಲಿಯೇ ಶೇಖರವಾಗುತ್ತವೆ. ನಿಗದಿತ ಸಮಯ ಮುಗಿದೊಡನೆ ಆ ಶೇಖರವನ್ನು ಅಳೆದು ಅಂಕಿಯಾಗಿ ಹೊರಕ್ಕೆ ಕಳಿಸಲಾಗುತ್ತದೆ. ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು 1969ರಲ್ಲಿ ರೂಪಿಸಿದ ಸಿಸಿಡಿ ಎಂಬ ಬಗೆಯ ಸಂವೇದಕಕ್ಕೆ 2009ರಲ್ಲಿ ನೊಬೆಲ್ ಗೌರವ ದೊರೆಯಿತು. ಮೊಬೈಲ್ ಫೋನಿನ ಕ್ಯಾಮೆರಾ ಬೆಳಕನ್ನೂ ಬಣ್ಣವನ್ನೂ ತಾನೇ ಅಂದಾಜಿಸಿ ಕಣ್ಣಿಗೆ ಹಿತವಾದ ಚಿತ್ರವನ್ನು ಕೊಡುತ್ತದೆ. ಕೈಗಾರಿಕಾ ಕ್ಯಾಮೆರಾದಿಂದ ಅಂಥ ಸ್ವಂತ ತೀರ್ಮಾನವನ್ನು ಯಾರೂ ಬಯಸುವುದಿಲ್ಲ, ಏಕೆಂದರೆ ಅದರ ಚಿತ್ರವನ್ನು ನೋಡುವುದು ಮನುಷ್ಯನಲ್ಲ, ಒಂದು ಅಂಕಿಯನ್ನು ಇನ್ನೊಂದರೊಡನೆ ಹೋಲಿಸುವ ಪ್ರೋಗ್ರಾಂ, ಮತ್ತು ಬೆಳಗಿನ 180 ಎಂಬ ಅಂಕಿ ಮಧ್ಯಾಹ್ನ 150 ಆದರೆ ಆ ಹೋಲಿಕೆಯೇ ಸುಳ್ಳಾಗುತ್ತದೆ. ಆದ್ದರಿಂದ ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡಬೇಕು, ಬಂದದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕು, ಕತ್ತಲೆಗೆ ಯಾವ ಅಂಕಿ ಕೊಡಬೇಕು, ಯಾವ ಗಳಿಗೆಯಲ್ಲಿ ತೆಗೆಯಬೇಕು ಎಂಬ ಒಂದೊಂದನ್ನೂ ಮನುಷ್ಯನೇ ಬರೆದು ಕೊಡಬೇಕಾಗುತ್ತದೆ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡ ಮೇಲೆ ಈ ಬಯಲಿನಲ್ಲಿ ಭತ್ತ ಹಬ್ಬಿತು, ಭತ್ತದ ಹಿಂದೆಯೇ ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳಲ್ಲಿ ಗಿರಣಿಗಳು ಬಂದವು. ಬಹುಕಾಲ ಕಪ್ಪು ಕಾಳು, ಕೆಂಪು ಗೆರೆಯ ಕಾಳು, ಕಲ್ಲುಗಳನ್ನು ಹೆಂಗಸರು ಮೊರದಲ್ಲಿ ಕೇರಿ, ಆರಿಸಿ ತೆಗೆಯುತ್ತಿದ್ದರು. ಲಂಡನ್ನಿನಲ್ಲಿ 1947ರಲ್ಲಿ ಆರಂಭವಾದ ಸಾರ್ಟೆಕ್ಸ್ ಎಂಬ ಕಂಪನಿ ದ್ಯುತಿಕೋಶಗಳ ನೆರವಿನಿಂದ ಬೀಜಗಳನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳನ್ನು ಮಾಡಿತು. ಮುಂದೆ ಅದರ ಹೆಸರೇ ಎಲ್ಲ ಕಂಪನಿಗಳ ಬಣ್ಣ ಆರಿಸುವ ಯಂತ್ರಕ್ಕೂ ಅಂಟಿಕೊಂಡು, ಇಂದು ಅಕ್ಕಿಯ ಚೀಲದ ಮೇಲೆ ಅಚ್ಚಾಗುವ ಮಟ್ಟಕ್ಕೆ ಬಂದಿದೆ.

ಆ ಯಂತ್ರದ ಕಾರ್ಯವಿಧಾನ ಹೀಗಿದೆ: ಪಾಲಿಶ್ ಆದ ಅಕ್ಕಿ ಮೇಲಿನ ಹಾಪರಿನಿಂದ ನಡುಗುವ ತಟ್ಟೆಗೆ ಬಿದ್ದು, ಅಲ್ಲಿಂದ ಕಡಿದಾದ ಇಳಿಜಾರು ತಗಡಿನ ಮೇಲೆ ಒಂದು ಕಾಳಿನ ದಪ್ಪದ ಪರದೆಯಾಗಿ ಜಾರಿ, ತಗಡು ಮುಗಿದೊಡನೆ ಗಾಳಿಯಲ್ಲಿ ಬೀಳುವಾಗ ಮುಂದಿನಿಂದಲೂ ಹಿಂದಿನಿಂದಲೂ ಕ್ಯಾಮೆರಾಗಳು ಅದನ್ನು ನೋಡುತ್ತವೆ. ಇವು ಲೈನ್ ಸ್ಕ್ಯಾನ್ ಕ್ಯಾಮೆರಾಗಳು, ಅಂದರೆ ಇಡೀ ಚೌಕದ ಬದಲು ಒಂದೇ ಸಾಲಿನ ಪಿಕ್ಸೆಲ್‌ಗಳಿರುವ ಸಂವೇದಕದವು. ಕಾಳುಗಳು ಆ ಸಾಲನ್ನು ದಾಟುತ್ತಿರುವಂತೆ ಸಾಲಿನ ಮೇಲೆ ಸಾಲನ್ನು ಓದಿ ಚಿತ್ರವನ್ನು ಹೆಣೆಯಲಾಗುತ್ತದೆ. ದೋಷದ ಕಾಳು ಕಂಡರೆ ಸ್ವಲ್ಪ ಕೆಳಗಿರುವ ಗಾಳಿಯ ನಳಿಕೆ ತೆರೆದುಕೊಂಡು ಅದೊಂದನ್ನು ಹೊರಕ್ಕೆ ಊದುತ್ತದೆ. ಕಾಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿದ್ದು, ನೋಟದ ಗೆರೆಗೂ ನಳಿಕೆಗೂ 60 ಮಿಲಿಮೀಟರ್ ಅಂತರವಿದೆ ಎಂದಿಟ್ಟುಕೊಂಡರೆ, ನೋಡಿದ 20 ಮಿಲಿಸೆಕೆಂಡಿಗೆ ಸರಿಯಾಗಿ ಗಾಳಿ ಬರಬೇಕು. ತಡವಾದರೆ ಕೆಟ್ಟ ಕಾಳು ಉಳಿದು ಅದರ ಹಿಂದಿನ ಒಳ್ಳೆಯ ಕಾಳು ಹಾರಿಹೋಗುತ್ತದೆ.

ಎಕ್ಸ್‌ಪೋಶರ್ ಎಂದರೆ ಸಂವೇದಕ ಬೆಳಕನ್ನು ಕೂಡಿಹಾಕುವ ಅವಧಿ. ಅಕ್ಕಿಯ ಯಂತ್ರದಲ್ಲಿ ಈ ಅವಧಿಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಬಹಳ ಕಡಿಮೆ ಎಂಬುದು ಹೊಸಬರಿಗೆ ಮೊದಲು ಅರ್ಥವಾಗುತ್ತಿರಲಿಲ್ಲ. ಕಾಳಿನ ತುದಿಯ ಸಣ್ಣ ಕಪ್ಪು ಚುಕ್ಕೆ ಕಾಣಬೇಕಾದರೆ ಒಂದೊಂದು ಸಾಲೂ 0.2 ಮಿಲಿಮೀಟರಿಗಿಂತ ಹೆಚ್ಚಿನ ಅಕ್ಕಿಯನ್ನು ಒಳಗೊಳ್ಳಬಾರದು. ಸೆಕೆಂಡಿಗೆ 3,000 ಮಿಲಿಮೀಟರ್ ಬೀಳುವ ಕಾಳಿಗೆ ಆ ಲೆಕ್ಕದಲ್ಲಿ 15,000 ಸಾಲುಗಳು ಬೇಕಾಗಿ, ಒಂದು ಸಾಲಿಗೆ ಉಳಿಯುವ ಕಾಲ ಸುಮಾರು 66 ಮೈಕ್ರೋಸೆಕೆಂಡು ಮಾತ್ರ. ಇಷ್ಟು ಚಿಕ್ಕ ಅವಧಿಯಲ್ಲಿ ಚಿತ್ರ ಮಂಕಾಗಿ ಕಂಡಾಗ ಯಾರದೇ ಕೈ ಮೊದಲು ಹೋಗುತ್ತಿದ್ದುದು ಗೇನ್ ಎಂಬ ಗುಂಡಿಯ ಕಡೆಗೆ. ಗೇನ್ ಎಂದರೆ ಶೇಖರವಾದ ಸಂಕೇತವನ್ನು ಅಳೆಯುವ ಮುನ್ನ ಅಥವಾ ಅಳೆದ ನಂತರ ಹಿಗ್ಗಿಸುವುದು. 6 ಡೆಸಿಬೆಲ್ ಏರಿಸಿದರೆ ಅಂಕಿ ಎರಡು ಪಟ್ಟಾಗುತ್ತದೆ, ಚಿತ್ರ ಕೂಡಲೇ ಬೆಳಗುತ್ತದೆ. ಆದರೆ ಜಾತ್ರೆಯ ಮೈಕಿನಲ್ಲಿ ಧ್ವನಿ ಏರಿಸಿದಾಗ ಮಾತಿನೊಡನೆ ಗೊರಗೊರ ಸದ್ದೂ ಏರುವಂತೆ, ಇಲ್ಲಿಯೂ ಬೆಳಕಿನೊಡನೆ ಗದ್ದಲವೂ ಹಿಗ್ಗುತ್ತದೆ.

ಈ ಗದ್ದಲದ ಮೂಲವನ್ನು ಬಿಡಿಸಿ ಹೇಳುವುದು ಅವಶ್ಯ, ಏಕೆಂದರೆ ಅದು ಕ್ಯಾಮೆರಾದ ದೋಷವಲ್ಲ, ಬೆಳಕಿನದೇ ಸ್ವಭಾವ. ಬೆಳಕು ಬಿಡಿಬಿಡಿ ಕಣಗಳಾಗಿ ಬರುವುದರಿಂದ ಒಂದು ಪಿಕ್ಸೆಲ್‌ನಲ್ಲಿ ಶೇಖರವಾಗುವ ಎಲೆಕ್ಟ್ರಾನುಗಳ ಸಂಖ್ಯೆ ಪ್ರತಿ ಸಲವೂ ತುಸು ಹೆಚ್ಚುಕಡಿಮೆಯಾಗುತ್ತದೆ, ಮತ್ತು ಆ ಏರುಪೇರು ಒಟ್ಟು ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 10,000 ಎಲೆಕ್ಟ್ರಾನು ಸೇರಿದಲ್ಲಿ ಏರುಪೇರು 100, ಎಂದರೆ ನೂರಕ್ಕೆ ಒಂದು. 100 ಎಲೆಕ್ಟ್ರಾನು ಮಾತ್ರ ಸೇರಿದಲ್ಲಿ ಏರುಪೇರು 10, ಎಂದರೆ ಹತ್ತಕ್ಕೆ ಒಂದು. ಚೆನ್ನಾದ ಅಕ್ಕಿಗೂ ಹಾಲುಬಿಳಿಯ ಕಾಳಿಗೂ ಇರುವ ಬಿಳುಪಿನ ವ್ಯತ್ಯಾಸ ನೂರಕ್ಕೆ ಐದಾರರಷ್ಟೇ ಇದ್ದರೆ, ಎರಡನೆಯ ಸ್ಥಿತಿಯಲ್ಲಿ ಯಾವ ಗೇನ್ ಏರಿಸಿದರೂ ಯಾವ ಪ್ರೋಗ್ರಾಂ ಬರೆದರೂ ಅವನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಹೀಗಾಗಿ ಅನುಭವಿಗಳ ಕ್ರಮ ಒಂದೇ ಆಗಿತ್ತು: ಮೊದಲು ದೀಪವನ್ನು ಹತ್ತಿರಕ್ಕೆ ತರುವುದು ಅಥವಾ ಹೆಚ್ಚಿಸುವುದು, ಆಮೇಲೆ ಲೆನ್ಸಿನ ಕಿಂಡಿಯನ್ನು ಅಗಲಿಸುವುದು, ಎಕ್ಸ್‌ಪೋಶರನ್ನು ವೇಗ ಅನುಮತಿಸುವ ಕೊನೆಯ ಮಿತಿಯವರೆಗೆ ಒಯ್ಯುವುದು, ಇವೆಲ್ಲ ಮುಗಿದ ಮೇಲೂ ಸಾಲದಿದ್ದರೆ ಮಾತ್ರ ಗೇನನ್ನು ಮುಟ್ಟುವುದು. ಆ ದಿನಗಳಲ್ಲಿ ಕಲಿತ ಪಾಠಗಳಲ್ಲಿ ಇದರಷ್ಟು ಬೆಲೆಯುಳ್ಳದ್ದು ಇನ್ನೊಂದಿಲ್ಲ ಎಂದು ಲೇಖಕನ ದೃಢ ಅಭಿಪ್ರಾಯ.

ದೀಪದ ವಿಷಯ ಬಂದಾಗ ಟ್ಯೂಬ್‌ಲೈಟುಗಳ ಕಾಲವನ್ನು ನೆನೆಯಬೇಕಾಗುತ್ತದೆ. ಹಳೆಯ ಯಂತ್ರಗಳಲ್ಲಿ ಎಲ್‌ಇಡಿ ಇರದೆ ಟ್ಯೂಬುಗಳೇ ಇದ್ದವು; 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಧಾರಣ ಚೋಕಿನಿಂದ ಉರಿಯುವ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುವುದನ್ನು ಕಣ್ಣು ಗಮನಿಸದಿದ್ದರೂ, 66 ಮೈಕ್ರೋಸೆಕೆಂಡಿನ ಸಾಲುಗಳಲ್ಲಿ ಅದು ಬೆಳಕು ಕತ್ತಲೆಗಳ ಪಟ್ಟೆಯಾಗಿ ಎದ್ದು ಕಾಣುತ್ತದೆ. ಅದಕ್ಕಾಗಿಯೇ ಆ ಯಂತ್ರಗಳಿಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಡಿಯುವ ಎಲೆಕ್ಟ್ರಾನಿಕ್ ಚೋಕ್ ಕಡ್ಡಾಯವಾಗಿತ್ತು, ಮತ್ತು ಅದು ಕೆಟ್ಟಾಗ ಪೇಟೆಯಲ್ಲಿ ಸಿಕ್ಕ ಸಾದಾ ಚೋಕನ್ನು ಹಾಕಿದ ಗಿರಣಿಯಲ್ಲಿ ಕ್ಯಾಮೆರಾವನ್ನೇ ದೂರುವುದು ವಾಡಿಕೆಯಾಗಿತ್ತು. ಬೇಸಿಗೆಯ ಬೆಳೆ ಗಿರಣಿಗೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ತಗಡಿನ ಚಾವಣಿಯ ಕೆಳಗೆ ಉಷ್ಣತೆ 40 ಡಿಗ್ರಿ ದಾಟುತ್ತಿತ್ತು. ಸಂವೇದಕದಲ್ಲಿ ಬೆಳಕಿಲ್ಲದೆಯೂ ಹುಟ್ಟುವ ಕತ್ತಲೆಯ ಪ್ರವಾಹವು ಸುಮಾರು ಪ್ರತಿ 7 ಡಿಗ್ರಿಗೆ ಇಮ್ಮಡಿಯಾಗುತ್ತದೆ ಎಂಬುದು ನಿಜವಾದರೂ, ಮೈಕ್ರೋಸೆಕೆಂಡುಗಳ ಅವಧಿಯಲ್ಲಿ ಅದರ ಪಾಲು ಅತ್ಯಲ್ಪ. ನಿಜವಾದ ತೊಂದರೆ ಬಿಸಿಯೇರಿದ ದೀಪದ ಬೆಳಕೇ ಇಳಿಯುವುದರಿಂದ ಬರುತ್ತಿತ್ತು. ಯಂತ್ರವನ್ನು ಚಾಲೂ ಮಾಡಿ ದೀಪ ಹದಕ್ಕೆ ಬರುವವರೆಗೆ ಕಾಯ್ದು ಆಮೇಲೆ ಹೊಂದಿಸುವ ಪದ್ಧತಿ ಬಂದದ್ದು ಇದರಿಂದಲೇ.

ಹಿನ್ನೆಲೆಯ ಫಲಕವನ್ನು ಹೊಂದಿಸುವುದು ಅಕ್ಕಿಯ ಯಂತ್ರಕ್ಕೇ ವಿಶಿಷ್ಟವಾದ ಕೌಶಲ. ಕಾಳುಗಳ ಹಿಂದೆ ಇರುವ ಬಿಳಿ ಪಟ್ಟಿಯ ಹೊಳಪನ್ನು ಒಳ್ಳೆಯ ಅಕ್ಕಿಯ ಸರಾಸರಿ ಹೊಳಪಿಗೆ ಸಮ ಮಾಡಿದರೆ, ಒಳ್ಳೆಯ ಕಾಳು ಹಿನ್ನೆಲೆಯಲ್ಲಿ ಕರಗಿ, ಕಪ್ಪಾದದ್ದೋ ಹೆಚ್ಚು ಬಿಳಿಯಾದದ್ದೋ ಮಾತ್ರ ಸಂಕೇತವಾಗಿ ಉಳಿಯುತ್ತದೆ. ಆದರೆ ಒಳ್ಳೆಯ ಅಕ್ಕಿಯ ಹೊಳಪು ಎಂಬುದು ಒಂದೇ ಅಂಕಿಯಲ್ಲ. ಈ ಬಯಲಿನಲ್ಲಿ ಹೇರಳವಾಗಿ ಬೆಳೆದು ಸೋನಾ ಮಸೂರಿಯೆಂದು ಮಾರಾಟವಾಗುವ ಬಿಪಿಟಿ 5204ಕ್ಕೂ ಗಂಗಾವತಿ ಸೋನಾ ತಳಿಗೂ ಬೇರೆ ಬೇರೆ ಮಟ್ಟ ಬೇಕು. ಹೊಸ ಅಕ್ಕಿಗಿಂತ ಹಳೆಯ ಅಕ್ಕಿ ತುಸು ಹಳದಿ, ಕಚ್ಚಾ ಅಕ್ಕಿಗಿಂತ ಸ್ಟೀಮ್ ಅಕ್ಕಿ ಇನ್ನೂ ಹಳದಿ. ಶಾಲೆಯನ್ನು ನಡುವಿನಲ್ಲೇ ಬಿಟ್ಟು ಬಂದಿದ್ದ ಹಲವು ಆಪರೇಟರುಗಳು ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಿ, ಹಿಂದಿನ ಲೋಡಿಗಿಂತ ಇದಕ್ಕೆ ಎಷ್ಟು ಇಳಿಸಬೇಕೆಂದು ಹೇಳಬಲ್ಲವರಾಗಿದ್ದರು, ಮತ್ತು ಪರದೆಯ ಮೇಲಿನ ಹಿಸ್ಟೋಗ್ರಾಂ, ಅಂದರೆ ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ, ಅವರ ಮಾತನ್ನು ಸಾಮಾನ್ಯವಾಗಿ ಸಮರ್ಥಿಸುತ್ತಿತ್ತು. ಅವರ ಈ ಅರಿವನ್ನು ಕಂಪನಿಗಳ ತರಬೇತಿ ಪುಸ್ತಕಗಳು ಗುರುತಿಸದೆ ಹೋದದ್ದು ದೊಡ್ಡ ಕೊರತೆಯೆಂದೇ ಹೇಳಬೇಕು.

ಎಣ್ಣೆಯಂಶವುಳ್ಳ ತೌಡಿನ ಪುಡಿ ನೋಟದ ಗಾಜಿಗೆ ಅಂಟಿಕೊಂಡಾಗ ಲೈನ್ ಸ್ಕ್ಯಾನ್ ಚಿತ್ರದಲ್ಲಿ ಅದು ಚುಕ್ಕೆಯಾಗಿ ಕಾಣದೆ, ಒಂದೇ ಪಿಕ್ಸೆಲ್ ಸದಾ ಮಬ್ಬಾಗುವುದರಿಂದ ಮೇಲಿನಿಂದ ಕೆಳಗಿನವರೆಗೆ ಹರಿಯುವ ಗೆರೆಯಾಗುತ್ತದೆ; ಆ ಗೆರೆಯ ಕೆಳಗಿನ ನಳಿಕೆ ಬಿಡುವಿಲ್ಲದೆ ಊದಿ ಒಳ್ಳೆಯ ಅಕ್ಕಿಯನ್ನು ಚೆಲ್ಲುತ್ತದೆ. ಇಂಥ ವ್ಯತ್ಯಾಸಗಳನ್ನೂ ಪಿಕ್ಸೆಲ್‌ಗಳ ಹುಟ್ಟು ಏರುಪೇರನ್ನೂ ಬಿಳಿ ಪಟ್ಟಿಯೊಂದನ್ನು ತೋರಿಸಿ ಸಮ ಮಾಡುವ ಕ್ರಮಕ್ಕೆ ಫ್ಲ್ಯಾಟ್ ಫೀಲ್ಡ್ ತಿದ್ದುಪಡಿ ಎನ್ನುತ್ತಾರೆ. ಗಾಜನ್ನು ಒರೆಸದೆ ಈ ತಿದ್ದುಪಡಿ ಮಾಡಿದರೆ ಧೂಳನ್ನೇ ಸರಿಯೆಂದು ಯಂತ್ರಕ್ಕೆ ಕಲಿಸಿದಂತಾಗುತ್ತದೆ. ಮುಂದೆ ಗಾಜು ಒರೆಸಿದ ದಿನ ಅದೇ ಜಾಗದಲ್ಲಿ ಹೆಚ್ಚು ಬಿಳಿಯ ಗೆರೆ ಏಳುತ್ತದೆ.

ಗಾದಿಗನೂರಿನ ದಕ್ಷಿಣಕ್ಕೆ, ಅದಿರಿನ ಕಡೆಗೆ ಹೊರಳಿದರೆ ಇದೇ ಸಂವೇದಕಕ್ಕೆ ಎಲ್ಲವೂ ತಿರುವುಮುರುವಾಗಿ ಎದುರಾಗುತ್ತಿತ್ತು. ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ ಕುಲುಮೆಗಳಿಗೆ ಸಾಮಾನ್ಯವಾಗಿ 5ರಿಂದ 18 ಮಿಲಿಮೀಟರ್ ಗಾತ್ರದ ಅದಿರು ಬೇಕಾಗುವುದರಿಂದ, ಬೆಲ್ಟಿನ ಮೇಲೆ ಸಾಗುವ ಕಲ್ಲುಗಳ ಗಾತ್ರವನ್ನು ಕ್ಯಾಮೆರಾದಿಂದ ಅಂದಾಜಿಸುವ ಪ್ರಯತ್ನಗಳು ನಡೆದವು. ಬೆಲ್ಟು ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ 500 ಮೈಕ್ರೋಸೆಕೆಂಡಿನ ಎಕ್ಸ್‌ಪೋಶರಿನಲ್ಲಿ ಕಲ್ಲು 1 ಮಿಲಿಮೀಟರ್ ಸರಿದು ಅಂಚು ಮಸುಕಾಗುತ್ತದೆ. 100 ಮೈಕ್ರೋಸೆಕೆಂಡಿಗೆ ಇಳಿಸಿ ಎಲ್‌ಇಡಿಯನ್ನು ಅಷ್ಟೇ ಹೊತ್ತು ಮಿಂಚಿಸಿದರೆ ಸರಿತ 0.2 ಮಿಲಿಮೀಟರಿಗೆ ನಿಲ್ಲುತ್ತದೆ. ಇನ್ನೊಂದು ತೊಡಕು ಶಟರಿನದು. ರೋಲಿಂಗ್ ಶಟರ್ ಇರುವ ಅಗ್ಗದ ಸಂವೇದಕಗಳು ಚಿತ್ರದ ಸಾಲುಗಳನ್ನು ಒಂದಾದ ಮೇಲೊಂದರಂತೆ ತೆರೆದು ಓದುತ್ತವೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 30 ಮಿಲಿಸೆಕೆಂಡು ಅಂತರವಿದ್ದರೆ ಅಷ್ಟರಲ್ಲಿ ಬೆಲ್ಟು 60 ಮಿಲಿಮೀಟರ್ ಮುಂದೆ ಹೋಗಿರುತ್ತದೆ, ಗುಂಡಗಿನ ಕಲ್ಲು ಓರೆಯಾಗಿ ಎಳೆದಂತೆ ಕಾಣುತ್ತದೆ. ಎಲ್ಲ ಪಿಕ್ಸೆಲ್‌ಗಳನ್ನೂ ಒಂದೇ ಗಳಿಗೆಯಲ್ಲಿ ತೆರೆದು ಮುಚ್ಚುವ ಗ್ಲೋಬಲ್ ಶಟರ್ ಇಲ್ಲಿ ಅನಿವಾರ್ಯ.

ಬಣ್ಣದ ಕ್ಯಾಮೆರಾ ಅದಿರಿಗೆ ಉಚಿತವೆಂದು ತೋರುವುದು ಸಹಜ, ಆದರೆ ಅನುಭವ ಅದಕ್ಕೆ ವಿರುದ್ಧವಾಗಿತ್ತು. ಕೊಡಾಕಿನ ಬ್ರೈಸ್ ಬೇಯರ್ ಅವರು 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಬಣ್ಣದ ಸಂವೇದಕದ ಅರ್ಧದಷ್ಟು ಪಿಕ್ಸೆಲ್‌ಗಳ ಮೇಲೆ ಹಸಿರು, ಕಾಲುಭಾಗದ ಮೇಲೆ ಕೆಂಪು, ಉಳಿದ ಕಾಲುಭಾಗದ ಮೇಲೆ ನೀಲಿ ಸೋಸುಹಾಳೆ ಇರುತ್ತದೆ. ಹೆಮಟೈಟ್ ಎಂಬ ಸಂಡೂರಿನ ಮುಖ್ಯ ಅದಿರಿನ ಧೂಳು ಹಸಿರು, ನೀಲಿಗಳನ್ನು ಬಹುಪಾಲು ನುಂಗಿಬಿಡುವುದರಿಂದ ಮುಕ್ಕಾಲು ಪಿಕ್ಸೆಲ್‌ಗಳಿಗೆ ಹೆಚ್ಚಿನ ಕೆಲಸವೇ ಇರುವುದಿಲ್ಲ. ದೃಶ್ಯದ ಸರಾಸರಿ ಬೂದು ಇರಬೇಕೆಂದು ನಂಬುವ ಸ್ವಯಂಚಾಲಿತ ಬಿಳಿ ಸಮತೋಲನ, ಅಂದರೆ ವೈಟ್ ಬ್ಯಾಲೆನ್ಸ್, ಚೌಕಟ್ಟಿನ ತುಂಬ ಕೆಂಪು ಕಂಡೊಡನೆ ಅದನ್ನು ತಪ್ಪೆಂದು ತಿದ್ದಿ ಅದಿರನ್ನು ಬೂದಿಯ ಬಣ್ಣಕ್ಕೆ ತರುತ್ತಿತ್ತು. ಬೂದು ಕಾರ್ಡನ್ನು ಬೆಲ್ಟಿನ ಮೇಲಿಟ್ಟು ಒಮ್ಮೆ ಹೊಂದಿಸಿ ಬೀಗ ಹಾಕಿದರೆ ಇದು ನಿಲ್ಲುತ್ತದೆ. ಆದರೂ ಕಪ್ಪುಬಿಳುಪಿನ ಸಂವೇದಕಕ್ಕೆ ನೀಲಿ ದೀಪ ಕೊಟ್ಟಾಗ ದೊರೆತ ಫಲ ಎಲ್ಲಕ್ಕಿಂತ ಮಿಗಿಲಾಗಿತ್ತು. ಸಂಡೂರಿನ ಬೆಟ್ಟಗಳಲ್ಲಿ ಹೆಮಟೈಟಿನೊಡನೆ ಪಟ್ಟೆಪಟ್ಟೆಯಾಗಿ ಬರುವ ಬೆಣಚು ನೀಲಿಯನ್ನು ಹಿಂದಕ್ಕೆ ಕಳಿಸುತ್ತದೆ, ಹೆಮಟೈಟ್ ಕಳಿಸುವುದಿಲ್ಲ; ಕಣ್ಣಿಗೆ ಒಂದೇ ಕಂದಾಗಿ ಕಾಣುವ ಕಲ್ಲಿನಲ್ಲಿ ಪಟ್ಟೆಗಳು ಬೇರ್ಪಟ್ಟು ನಿಲ್ಲುತ್ತವೆ.

ಇದೇ ನೆಲದಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅವರು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರಗಳನ್ನು ತೆಗೆದಿದ್ದು, ಅವೇ ತಾಣಗಳನ್ನು 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಮತ್ತೆ ಚಿತ್ರಿಸಿದ್ದು ಇಲ್ಲಿ ಪ್ರಸ್ತುತವಾಗುತ್ತದೆ. ಆ ಕಾಲದ ಬೆಳ್ಳಿಯ ಲವಣಗಳು ನೀಲಿ, ನೇರಳೆಗಳಿಗೆ ಮಾತ್ರ ಸ್ಪಂದಿಸುತ್ತಿದ್ದವು. ಅಂಥ ಚಿತ್ರಗಳಲ್ಲಿ ಆಕಾಶ ಬರೀ ಬಿಳಿಯಾಗಿಯೂ ಕೆಂಪು ನೆಲ ವಾಸ್ತವಕ್ಕಿಂತ ಕಪ್ಪಾಗಿಯೂ ಮೂಡುವುದಕ್ಕೆ ಕಾರಣ ಅದು. ಛಾಯಾಗ್ರಾಹಕನಿಗೆ ಆಗ ಮಿತಿಯಾಗಿದ್ದ ಈ ಗುಣವನ್ನೇ ನೀಲಿ ದೀಪ ಹಾಕಿದ ಅದಿರಿನ ತಂತ್ರಜ್ಞ ಬೇಕೆಂದೇ ಆರಿಸಿಕೊಂಡನೆಂಬುದು ಮನಸ್ಸಿಗೆ ಮುದ ಕೊಡುವ ಸಂಗತಿ.

ಆದರೂ ಸಂವೇದಕ ನೋಡುವುದು ಕಲ್ಲಿನ ಮೈಯನ್ನು ಮಾತ್ರ, ಒಳಗನ್ನಲ್ಲ. ಎಲ್ಲ ಕಲ್ಲುಗಳ ಮೇಲೂ ಒಂದೇ ಕೆಂಧೂಳು ಕೂತಿರುವಾಗ ಯಾವ ಹೊಂದಾಣಿಕೆಯೂ ಬೆಣಚನ್ನು ತೋರಿಸಲಾರದು. ಕ್ಯಾಮೆರಾಕ್ಕಿಂತ ಮುಂಚೆ ನೀರು ಸಿಂಪಡಿಸುವ ನಳಿಕೆಯೇ ಇಲ್ಲಿಯ ಮೊದಲ ಹೊಂದಾಣಿಕೆ. ನೀರು ಬಿದ್ದೊಡನೆ ಮತ್ತೊಂದು ಕಷ್ಟ ತಲೆದೋರುತ್ತದೆ. ತೇವದ ಮೈಯೂ, ಉಕ್ಕಿನ ಬಣ್ಣದ ಗಟ್ಟಿ ಹೆಮಟೈಟೂ ದೀಪವನ್ನು ಕನ್ನಡಿಯಂತೆ ಪ್ರತಿಫಲಿಸಿ ಅಲ್ಲಿನ ಪಿಕ್ಸೆಲ್‌ಗಳು ತುಂಬಿ ಹೋಗುತ್ತವೆ. ಎಂಟು ಬಿಟ್ಟಿನ ಚಿತ್ರದಲ್ಲಿ ಗರಿಷ್ಠ ಅಂಕಿ 255. ಅದನ್ನು ಮುಟ್ಟಿದ ಪಿಕ್ಸೆಲ್ ನಿಜವಾಗಿ ಎಷ್ಟು ಬೆಳಕನ್ನು ಕಂಡಿತೆಂಬುದು ಶಾಶ್ವತವಾಗಿ ಕಳೆದುಹೋದಂತೆ, ಅದನ್ನು ಮುಂದೆ ಯಾವ ಲೆಕ್ಕವೂ ಮರಳಿ ತರಲಾರದು. ಹಾಗಾಗಿ 4,096 ಮೆಟ್ಟಿಲುಗಳಿರುವ 12 ಬಿಟ್ಟಿನ ಅಳತೆಯನ್ನು ಆಯ್ದು, ಅತ್ಯಂತ ಹೊಳೆಯುವ ಕಲ್ಲಿಗೂ ಮೇಲೆ ತುಸು ಜಾಗ ಉಳಿಯುವಂತೆ ಎಕ್ಸ್‌ಪೋಶರನ್ನು ಇಳಿಸಿಡಲಾಗುತ್ತಿತ್ತು. ಕೆಳ ತುದಿಯಲ್ಲಿ ಬ್ಲ್ಯಾಕ್ ಲೆವೆಲ್, ಅಂದರೆ ಸಂಪೂರ್ಣ ಕತ್ತಲೆಗೆ ಕೊಡುವ ಅಂಕಿ, ಸೊನ್ನೆಗಿಂತ ಸ್ವಲ್ಪ ಮೇಲಿರಬೇಕು. ಸೊನ್ನೆಗೇ ಇಟ್ಟರೆ ಗದ್ದಲದ ಕೆಳಗಿನ ಅರ್ಧ ಕತ್ತರಿಸಿಹೋಗಿ ಕತ್ತಲೆಯ ಸರಾಸರಿ ತಪ್ಪಾಗುತ್ತದೆ. ಗಾಮಾ ಎಂಬ ತಿದ್ದುಪಡಿ ಚಿತ್ರವನ್ನು ಕಣ್ಣಿಗೆ ಒಪ್ಪಿಸಲು ಇರುವುದರಿಂದ ಅಳತೆಯ ಕೆಲಸದಲ್ಲಿ ಅದನ್ನು 1ರಲ್ಲೇ ಬಿಡುವುದು ನಿಯಮ.

2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅದಿರಿನ ಕೆಲಸ ಬಹುಮಟ್ಟಿಗೆ ನಿಂತುಹೋಯಿತು. ಆ ತಡೆಗೆ ಕಾರಣವಾದ ಅಕ್ರಮಗಳು ಈ ನೆಲಕ್ಕೆ ಮಾಡಿದ ಗಾಯ ದೊಡ್ಡದು, ತಡೆ ಬರಲೇಬೇಕಿತ್ತು. ಆದರೆ ಅದರಿಂದ ಕೆಲಸ ಕಳೆದುಕೊಂಡ ಚಿಕ್ಕ ತಂತ್ರಜ್ಞರ ಬಗ್ಗೆ ಯಾರೂ ಬರೆದಂತಿಲ್ಲ. ಅವರಲ್ಲಿ ಕೆಲವರು ಕಂಪ್ಲಿ, ಗಂಗಾವತಿಗಳ ಗಿರಣಿಗಳಿಗೆ ಹೋಗಿ ಸಾರ್ಟೆಕ್ಸ್ ಯಂತ್ರಗಳ ಮುಂದೆ ನಿಂತರು. ಗುರುತಿನ ಎಕ್ಸ್‌ಪೋಶರ್, ಗೇನ್, ಬ್ಲ್ಯಾಕ್ ಲೆವೆಲ್‌ಗಳೇ ಅಲ್ಲಿಯೂ ಇದ್ದುದರಿಂದ ಅವರಿಗೆ ಕೆಲಸ ಹಿಡಿಯುವುದು ತಡವಾಗಲಿಲ್ಲ. ಕೆಂಪಿನಲ್ಲಿ ಪಳಗಿದ ಕಣ್ಣು ಬಿಳಿಯೊಳಗಿನ ಬಿಳಿಯನ್ನು ಗುರುತಿಸಲು ಮಾತ್ರ ಒಂದು ಸುಗ್ಗಿ ಬೇಕಾಯಿತು.

ಈಗಿನ ಯಂತ್ರಗಳು ಬಿಳಿ ಪಟ್ಟಿಯನ್ನು ತಾವೇ ನೋಡಿ ಸಮ ಮಾಡಿಕೊಳ್ಳುತ್ತವೆ, ಗಾಜನ್ನು ತಾವೇ ಒರೆಸಿಕೊಳ್ಳುತ್ತವೆ, ಆಪರೇಟರ್ ಪರದೆಯ ಮೇಲೆ ತಳಿಯ ಹೆಸರನ್ನು ಒತ್ತಿದರೆ ಉಳಿಸಿಟ್ಟ ಅಂಕಿಗಳೆಲ್ಲ ಬಂದು ಕೂರುತ್ತವೆ. ಹಾಗಿದ್ದರೂ ಕಂಪ್ಲಿಯ ಗಿರಣಿಗಳಲ್ಲಿ ಹೊಸ ಲೋಡು ಬಿದ್ದಾಗ ಅನುಭವಿ ಆಪರೇಟರ್ ಮೊದಲು ನೋಡುವುದು ಪರದೆಯನ್ನಲ್ಲ, ರಿಜೆಕ್ಟ್ ಬರುವ ಕೊಳವೆಯ ಬಾಯಿಯನ್ನು. ಅಲ್ಲಿ ಹಿಡಿದ ಒಂದು ಹಿಡಿಯನ್ನು ಕಪ್ಪು ತಟ್ಟೆಯ ಮೇಲೆ ಹರಡಿ, ಕೆಟ್ಟ ಕಾಳಿಗೆ ಎಷ್ಟು ಒಳ್ಳೆಯ ಕಾಳು ಜೊತೆಯಾಗಿ ಹೊರಬಂದಿದೆ ಎಂದು ಎಣಿಸಿ, ಆಮೇಲಷ್ಟೇ ಅವನು ಹಿನ್ನೆಲೆಯ ಮಟ್ಟವನ್ನು ಏರಿಸಬೇಕೋ ಇಳಿಸಬೇಕೋ ಎಂಬುದನ್ನು ನಿರ್ಧರಿಸುತ್ತಾನೆ.